ನೀರಿನ ಕಾಲು

ಹೋದ ವರ್ಷದವರೆಗೂ ನನ್ನ ತಮ್ಮನಿಗೆ ಬಾಹ್ಯಾಕಾಶದ ಮೇಲೆ ಯಾವ ತಕರಾರೂ ಇರಲಿಲ್ಲ. ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ, ಸೈನ್ಸ್ ಓದಲು ಧಾರವಾಡಕ್ಕೆ ಹೋಗುತ್ತೇನೆ ಎಂದ ಮೇಲೆ ಶುರುವಾಯಿತು. ಅವಳು ಹಾನಗಲ್ಲಿನಲ್ಲೇ ಆರ್ಟ್ಸ್ ತೆಗೆದುಕೊಳ್ಳಲಿ ಎಂಬುದು ಅವನ ಹಟ. ಅಪ್ಪನನ್ನು ಒಲಿಸಿಕೊಳ್ಳಲೆಂದು ಅವಳು ಒಂದು ಮಧ್ಯಾಹ್ನ ಆಡೂರಿನ ಮನೆಯಲ್ಲಿ ನಮ್ಮಿಬ್ಬರಿಗೂ ಮೊಬೈಲಿನಲ್ಲಿ, ಗಗನಯಾತ್ರಿಯೊಬ್ಬ ನೌಕೆಯ ಹೊರಗೆ ತೇಲಾಡುವ ಸ್ಪೇಸ್‌ವಾಕ್ ವಿಡಿಯೋ ತೋರಿಸಿದಳು. ಆದದ್ದು ಉಲ್ಟಾ.

"ಆ ಕಾಲು ನೋಡಕ್ಕಾ," ಎಂದ ತಮ್ಮ. "ಅವು ನೀರಾಗಿನ ಕಾಲು."

ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ, ಊರಿನ ಎಷ್ಟೋ ಮಂದಿಗೆ ಬಾವಿಯಲ್ಲಿ ಈಜು ಕಲಿಸಿದವನು ಅವನು. ಬುರುಡೆ ಕಟ್ಟಿಕೊಂಡವರ ಮೊಣಕಾಲು ಹೀಗೇ ಮಡಚಿಕೊಂಡು ತೇಲುತ್ತವಂತೆ. ಇದು ಯಾವುದೋ ದೊಡ್ಡ ನೀರಿನ ಟಾಕಿಯೊಳಗೆ ತೆಗೆದದ್ದು, ಇಂಥ ಸುಳ್ಳು ಕಲಿಯಲು ಧಾರವಾಡ ಯಾಕೆ ಎಂದು ತೀರ್ಪು ಕೊಟ್ಟುಬಿಟ್ಟ.

ನಾನು ಕಾನ್ವೆಂಟಿನಲ್ಲಿ ಓದಿದವಳೆಂದು ಹುಡುಗಿ ನನ್ನ ಮುಖ ನೋಡಿದಳು. ಸಿಸ್ಟರ್ಸ್ ನಮಗೆ ಪೊಯೆಟ್ರಿ ಕಲಿಸಿದ್ದರು, ಎಂಬ್ರಾಯ್ಡರಿ ಕಲಿಸಿದ್ದರು. ಫಿಸಿಕ್ಸ್ ಗಂಡುಹುಡುಗರ ಸಬ್ಜೆಕ್ಟ್ ಎಂದು ನಾವೇ ಅಂದುಕೊಂಡಿದ್ದೆವು, ಯಾರೂ ಹೇಳಿರಲಿಲ್ಲ. ಆನೆಸ್ಟ್ಲಿ, ನನಗೂ ಅದು ನೀರಿನಂತೆಯೇ ಕಂಡಿತ್ತು.

ಅವಳು ವಿಡಿಯೋ ಹಿಂದಕ್ಕೆ ಸರಿಸಿ ಮತ್ತೆ ತೋರಿಸಿದಳು.

"ಅಪ್ಪಾ, ಅವ ಬೆರಳಲೆ ಕಂಬಿ ದೂಡ್ಯಾನ ಅಷ್ಟ. ಕಾಲು ಬಡೀಲಾರದ ಹೊಂಟಾನ. ಮುಂದಿನ ಕಂಬಿ ಹಿಡಿಯೋತನಾ ನಿಂತಿಲ್ಲ. ನೀ ನೀರಾಗ ಹಂಗ ಹೋಗಿ ತೋರ್ಸು ನೋಡೋಣ."

ಈಜಿನ ವಿಷಯದಲ್ಲಿ ಅವನಿಗೆ ಸವಾಲು ಹಾಕಿದವರೇ ಇರಲಿಲ್ಲ. ಮರುದಿನ ಬೆಳಿಗ್ಗೆ ಮೂವರೂ ಹೊಲದ ಬಾವಿಗೆ ಹೋದೆವು. ಈ ವಯಸ್ಸಿನಲ್ಲಿ ಅವನು ಬುರುಡೆ ಕಟ್ಟಿಕೊಳ್ಳುವುದನ್ನು ಕಂಡು ನನಗೆ ನಗು ತಡೆಯಲಾಗಲಿಲ್ಲ. ಗೋಡೆಯ ಕಲ್ಲನ್ನು ಬೆರಳಿನಿಂದ ದೂಡಿ, ಕೈಕಾಲು ಆಡಿಸದೆ ಮೈ ಬಿಟ್ಟ. ತುಸು ಸರಿದು ನಿಂತ. ಪಾದದಿಂದ ಜೋರಾಗಿ ಒದ್ದು ನೋಡಿದ. ನಡುಬಾವಿಯಲ್ಲಿ ಮತ್ತೆ ನಿಂತ. ಆಮೇಲೆ ಅಡ್ಡ ತಿರುಗಿ, ಅಂಗಾತ ಮಲಗಿ, ಏನೇನೋ ಮಾಡಿದ. ನಾವು ಅಲ್ಲಿದ್ದದ್ದನ್ನೇ ಮರೆತಿದ್ದ. ಪಂತ ಹೋಗಿ ಅದು ಅವನಿಗೇ ಇಂಟರೆಸ್ಟಿಂಗ್ ಆಗಿತ್ತು.

ಮೆಟ್ಟಿಲ ಮೇಲೆ ಕೂತು ತಲೆ ಒರೆಸಿಕೊಳ್ಳುತ್ತ ಮಗಳನ್ನು ಕೇಳಿದ: "ನೀರು ಹಿಡಿದು ನಿಲ್ಲಸ್ತೈತಿ. ಅಲ್ಲೆ ಹಿಡಿಯೋದು ಏನೂ ಇಲ್ಲೇನು?"

"ಗಾಳೀನೂ ಇಲ್ಲಪ್ಪಾ."

"ಮತ್ತ ಕಾಲು ಯಾಕ ಮಡಚ್ಯಾವು?"

ಅದು ತನಗೂ ಗೊತ್ತಿಲ್ಲ, ಓದಿ ಬಂದು ಹೇಳುತ್ತೇನೆ ಎಂದಳು.

ಅವನು ಬುರುಡೆಯ ಹಗ್ಗ ಬಿಚ್ಚುತ್ತ, ಧಾರವಾಡದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೂ ಕಾಲೇಜಿಗೂ ಎಷ್ಟು ದೂರವಾಗುತ್ತದೆ ಎಂದು ನನ್ನನ್ನು ಕೇಳಿದ.