ಮುರಕ್ಕಬಾತಿನ ಸ್ಟೇಕ್ ಹೋಟೆಲು

ದುಬೈಯ ಅಲ್ ಮುರಕ್ಕಬಾತಿನಲ್ಲಿ ನಾವು ಬಾಡಿಗೆಗಿದ್ದ ಕಟ್ಟಡದ ಕೆಳಗೊಂದು ಸ್ಟೇಕ್ ಹೋಟೆಲು ಇತ್ತು. ಈಗಲೂ ಇದೆ. ಲೆಬನಾನಿನಿಂದ ಬಂದ ಅಜ್ಜನೊಬ್ಬ ಶುರುಮಾಡಿದ್ದು, ಆಮೇಲೆ ಮಗ ನಡೆಸಿದ, ಈಗ ಮೊಮ್ಮಗಳು ನೋಡಿಕೊಳ್ಳುತ್ತಾಳೆ. ಕೆಂಪು ರೆಕ್ಸಿನ್ ಸೀಟು, ಹಗಲಲ್ಲೂ ಉರಿಯುವ ಹಳದಿ ದೀಪ. ಸುತ್ತಲಿನ ಅಂಗಡಿಗಳು ಎಷ್ಟು ಸಲ ಬೋರ್ಡು ಬದಲಿಸಿದವೋ, ಅದು ಮಾತ್ರ ಹಾಗೇ ಉಳಿದಿದೆ.

ಉಮ್ಮ ಮದುವೆಯಾಗಿ ಉಳ್ಳಾಲದಿಂದ ಬಂದ ಹೊಸತರಲ್ಲಿ ಇನ್ನೊಂದು ಕುಟುಂಬದ ಜೊತೆ ಫ್ಲಾಟು ಹಂಚಿಕೊಂಡಿದ್ದರಂತೆ. ಅಡುಗೆಮನೆ ಸರದಿಯ ಮೇಲೆ ಸಿಗುತ್ತಿತ್ತು. ಕೆಳಗೆ ಕೆಂಡದ ಮೇಲೆ ಮಾಂಸ ಸುಡುವ ಪರಿಮಳ ಮಾತ್ರ ಯಾವಾಗಲೂ ಕಿಟಕಿಗೆ ಬರುತ್ತಿತ್ತು. ಒಂದು ಶುಕ್ರವಾರ ಅವರೇ ಬಾಪನನ್ನು ಎಳೆದುಕೊಂಡು ಹೋದರು. ತಟ್ಟೆ ಬಂತು. ಕೊಯ್ದು ನೋಡಿದರೆ ಒಳಗೆ ಇನ್ನೂ ಕೆಂಪು. ಉಮ್ಮ ವಾಪಸು ಕಳಿಸಿದರು. ಮತ್ತೆ ಬಂತು, ಮತ್ತೆ ಕಳಿಸಿದರು. ಕೊನೆಗೆ ಅಜ್ಜನೇ ಇಕ್ಕಳ ಹಿಡಿದು ಹೊರಗೆ ಬಂದ.

“ಇನ್ನೂ ಸುಟ್ಟರೆ ಚಪ್ಪಲಿ ಆಗ್ತದೆ, ಮೇಡಂ” ಎಂದು ಅವನು ಹರುಕು ಹಿಂದಿಯಲ್ಲಿ ಹೇಳಿದ್ದನ್ನು ಬಾಪ ನಾಚುತ್ತ ಅನುವಾದಿಸಿದರು.

“ಆಗ್ಲಿ. ತಿನ್ನುವುದು ನಾನಲ್ವಾ?” ಎಂದರಂತೆ ಉಮ್ಮ.

ಆವತ್ತಿನಿಂದ ಉಮ್ಮನ ಸ್ಟೇಕ್ ಕರ್ರಗೆ ಸುಟ್ಟು, ಮೇಲೆ ಸೀಳಿದ ಹಸಿಮೆಣಸು ಇಟ್ಟುಕೊಂಡು ಬರುತ್ತಿತ್ತು. ಈದ್ ಇರಲಿ, ನನ್ನ ಪರೀಕ್ಷೆಯ ರಿಸಲ್ಟ್ ಇರಲಿ, ನಮ್ಮ ಮನೆಯ ಸಂತೋಷಗಳೆಲ್ಲ ಅಲ್ಲಿಗೇ ಇಳಿದು ಹೋಗುತ್ತಿದ್ದವು. ಬಾಪ ಪ್ರತಿ ಸಲವೂ ಮೀನು ತರಿಸಿ, “ದುಬೈಗೆ ಬಂದು ಚಪ್ಪಲಿ ತಿನ್ನುವವಳು ಇವಳೊಬ್ಬಳೇ” ಎಂದು ತಮಾಷೆ ಮಾಡುತ್ತಿದ್ದರು.

ಉಮ್ಮ ತೀರಿಕೊಂಡದ್ದು ದುಬೈಯಲ್ಲೇ. ಮೈಯತ್ತನ್ನು ಊರಿಗೆ ಒಯ್ಯುವುದಾ ಎಂದು ಯಾರೋ ಕೇಳಿದಾಗ ಬಾಪ ಹೇಳಿದ್ದು ಇಷ್ಟೇ: “ಬೇಡ. ನಾನು ಇಲ್ಲಿ ಇದ್ದೇನಲ್ಲ.”

ಆಮೇಲೆ ಅವರು ಆ ಹೋಟೆಲಿಗೆ ಕಾಲಿಡಲಿಲ್ಲ. ಮನೆಯನ್ನೂ ಅಲ್ ನಹ್ದಾಕ್ಕೆ ಬದಲಿಸಿದರು. ಪ್ರತಿ ಶುಕ್ರವಾರ ಜುಮಾ ನಮಾಜು ಮುಗಿಸಿ ಕಬರಸ್ತಾನಕ್ಕೆ ಹೋಗಿ ಬರುತ್ತಿದ್ದರು.

ಎರಡು ವರ್ಷದ ಹಿಂದೆ ಅವರ ಕೆಲಸ ಮುಗಿಯಿತು. ನನ್ನ ಜೊತೆ ಅಬುಧಾಬಿಯಲ್ಲಿ ಉಳಿಯಿರಿ, ವೀಸಾ ನಾವು ಮಾಡಿಸುತ್ತೇವೆ ಎಂದು ಎಷ್ಟೋ ಹೇಳಿದೆ. ಆದರೆ ಉಳ್ಳಾಲದ ಚಿಕ್ಕಪ್ಪನ ಮನೆಯಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದರು. ಎಚ್ಚರವಾದಾಗಲೆಲ್ಲ ಬಾಪನನ್ನೇ ಕೇಳುತ್ತಿದ್ದರು. ಊರಿಗೆ ಹೊರಡುವ ಹಿಂದಿನ ದಿನ ಕಬರಸ್ತಾನದಿಂದ ವಾಪಸು ಬರುವಾಗ ಕಾರಿನಲ್ಲಿ ಬಾಪ ಒಮ್ಮೆಲೇ, “ಮುರಕ್ಕಬಾತಿಗೆ ಹೋಗುವ” ಎಂದರು.

ಹೋಟೆಲು ನೋಡಿಕೊಳ್ಳುವ ಮೊಮ್ಮಗಳಿಗೆ ನಮ್ಮ ಪರಿಚಯವಿರಲಿಲ್ಲ. ಮೆನು ತಂದಿಟ್ಟಳು. ಅಷ್ಟರಲ್ಲಿ ಒಳಗಿನಿಂದ ಅವಳ ತಂದೆ, ಈಗ ಅವನೂ ಮುದುಕ, ಬಾಪನನ್ನು ನೋಡಿ ಎರಡೂ ಕೈ ಚಾಚಿಕೊಂಡು ಬಂದ. ಅಪ್ಪಿಕೊಂಡ. ಆಮೇಲೆ ಖಾಲಿ ಕುರ್ಚಿ ನೋಡಿ, “ಮೇಡಂ ಎಲ್ಲಿ?” ಎಂದು ಕೇಳಿದ.

“ಅವಳು ಇಲ್ಲೇ ಇದ್ದಾಳೆ” ಎಂದರು ಬಾಪ. “ಹೋಗುವವನು ನಾನು.”

ಅವನಿಗೆ ಅರ್ಥವಾಗಲಿಲ್ಲ. ನಾನು ಕಬರಸ್ತಾನದ ಹೆಸರು ಹೇಳಿದೆ. ಅವನು ಬಾಪನ ಪಕ್ಕದಲ್ಲೇ ಕುಳಿತುಬಿಟ್ಟ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಒಳಗೆ ಹೋದವನು ತಾನೇ ಒಂದು ತಟ್ಟೆ ತಂದಿಟ್ಟ. ಕರ್ರಗೆ ಸುಟ್ಟ ಸ್ಟೇಕ್, ಮೇಲೆ ಸೀಳಿದ ಹಸಿಮೆಣಸು. ಬಾಪ ಅದನ್ನು ಜೀವಮಾನದಲ್ಲಿ ಮೊದಲ ಸಲ ತಿಂದರು. ಹಲ್ಲಿಗೆ ಬಗ್ಗದ ಮಾಂಸವನ್ನು ನಿಧಾನವಾಗಿ ಅಗಿಯುತ್ತ, “ಇದನ್ನು ಹೇಗೆ ತಿಂತಿದ್ದಳು ಮಾರಾಯ್ತಿ!” ಎಂದು ನಕ್ಕರು. ಕಣ್ಣು ತುಂಬಿತ್ತು. ಮೆಣಸಿನ ಖಾರ ಎಂದರು.

ಈಗ ನಾನು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಿಂದ ತಿಂಗಳಿಗೊಮ್ಮೆ ದುಬೈಗೆ ಡ್ರೈವ್ ಮಾಡಿಕೊಂಡು ಹೋಗುತ್ತೇನೆ. ಮೊದಲು ಕಬರಸ್ತಾನ, ಆಮೇಲೆ ಹೋಟೆಲು. ಹೆಚ್ಚಾಗಿ ಒಬ್ಬಳೇ. ಮಕ್ಕಳನ್ನು ಕರೆದರೆ “ಟೂ ಫಾರ್, ಮಮ್ಮಾ” ಎನ್ನುತ್ತಾರೆ.

ಬೇಸಿಗೆ ಶುರುವಾದರೆ ಬಾಪನ ಫೋನು ಜಾಸ್ತಿಯಾಗುತ್ತದೆ. ಮಕ್ಕಳ ವಿಷಯ, ಅಜ್ಜಿಯ ವಿಷಯ ಎಲ್ಲ ಆದ ಮೇಲೆ ಕೇಳುತ್ತಾರೆ: “ಅಲ್ಲಿ ಸೆಕೆ ಉಂಟಾ?”

ಅವರು ಕೇಳುವುದು ನನ್ನ ಮನೆಯ ಸೆಕೆಯನ್ನಲ್ಲ. ಆ ಕಬರಸ್ತಾನದಲ್ಲಿ ಒಂದು ಮರವೂ ಇಲ್ಲ.

“ಇಲ್ಲ ಬಾಪ” ಎನ್ನುತ್ತೇನೆ. “ಈ ವರ್ಷ ಅಷ್ಟು ಇಲ್ಲ.”