ಇಲ್ಲದ ಕೂಸಿಗೆ ಬುತ್ತಿ

ನನ್ನ ದೊಡ್ಡ ಮಗಳ ಹೊಟ್ಟೆಯಲ್ಲಿ ಬೆಳೆಯುತ್ತಿದ್ದದ್ದು ಗಡ್ಡೆ. ಊರಿಗೆಲ್ಲ ನಾನು ಅದನ್ನು ಕೂಸು ಎಂದು ಹೇಳಿದೆ. ಇಷ್ಟು ವರ್ಷ ಇದನ್ನು ನಾನಾಗಿ ಯಾರ ಮುಂದೆಯೂ ಬಾಯಿಬಿಟ್ಟಿಲ್ಲ.

ಹೇಳಬೇಕೆಂದು ಹೇಳಿದ್ದಲ್ಲ. ಶಿವಮೊಗ್ಗದ ಡಾಕ್ಟರು, "ಮನೆಗೆ ಕರಕೊಂಡು ಹೋಗ್ರಿ. ಎರಡು ತಿಂಗಳೋ, ಮೂರು ತಿಂಗಳೋ" ಎಂದಿದ್ದರು. ಅಳಿಯ ಸೊರಬದ ಅಕ್ಕಿ ಗಿರಣಿಯಲ್ಲಿ ಗುಮಾಸ್ತ; ಅವನ ಮನೆಯಲ್ಲಿ ನೋಡಿಕೊಳ್ಳಲು ಹೆಂಗಸರಿರಲಿಲ್ಲ. ಹಾಗಾಗಿ ನಾನೇ ಅವಳನ್ನು ಶಿಕಾರಿಪುರಕ್ಕೆ ಕರೆತಂದೆ. ಬಸ್ಸಿಳಿಯುವಾಗ ನಮ್ಮ ಎದುರುಮನೆಯಾಕೆ ಸಿಕ್ಕಳು. ಮಗಳ ಹೊಟ್ಟೆ ನೋಡಿ ಮುಖ ಅರಳಿಸಿ, "ಎಷ್ಟರಾಗ ಐತ್ರಿ?" ಎಂದಳು. "ಆರರಾಗ" ಎಂದುಬಿಟ್ಟೆ. ಮಗಳು ನನ್ನ ಮುಖ ನೋಡಿದಳು.

ಕಾರಣ ನನ್ನ ಚಿಕ್ಕ ಮಗಳು. ದಾವಣಗೆರೆ ಕಡೆಯ ಒಳ್ಳೆಯ ಮನೆತನದವರು ಅವಳನ್ನು ನೋಡಿ ಒಪ್ಪಿ ಹೋಗಿದ್ದರು, ನಿಶ್ಚಿತಾರ್ಥ ಆಗುವುದಿತ್ತು. ಕ್ಯಾಸನೂರು ಕಡೆ ಮಂಗನ ಕಾಯಿಲೆ ಎದ್ದು ಮಂಗಗಳು ಸತ್ತು ಬೀಳುತ್ತಿದ್ದ ಕಾಲ ಅದು. ಯಾರ ಮನೆಯಲ್ಲಿ ಜ್ವರ ಎಂದರೂ ಜನ ಆ ದಾರಿ ಬಿಡುತ್ತಿದ್ದರು. ಅಕ್ಕನಿಗೆ ಇಂಥ ಕಾಯಿಲೆ ಎಂದು ತಿಳಿದರೆ ತಂಗಿಯ ರಕ್ತದಲ್ಲೂ ಇದೆ ಎನ್ನುವುದಕ್ಕೆ ಯಾರಿಗೂ ಎರಡು ನಿಮಿಷ ಬೇಕಿರಲಿಲ್ಲ. ಮನೆಯವರು ಕಿರಾಣಿ ಅಂಗಡಿಯಿಂದ ಬಂದಾಗ ನಡೆದದ್ದನ್ನು ಹೇಳಿದೆ. ಅವರು ಟೋಪಿ ತೆಗೆದು ಗೂಟಕ್ಕೆ ಸಿಕ್ಕಿಸಿ, "ಬಾಯಿ ಬಿಟ್ರೆ ಬಣ್ಣಗೇಡು. ಮದುವಿ ಆಗೋತನಕ ಸುಮ್ನಿರು" ಎಂದರು. ತಪ್ಪನ್ನು ಅವರ ತಲೆಗೆ ಕಟ್ಟುತ್ತಿಲ್ಲ. ಮೊದಲು ಸುಳ್ಳಾಡಿದವಳು ನಾನೇ.

ಅವಳನ್ನು ನಡುಮನೆಯ ಪಕ್ಕದ ಕೋಣೆಯಲ್ಲಿ ಮಲಗಿಸಿದ್ದೆ. ಕಾಲು ಬಾತು ಹೊಳೆಯುತ್ತಿದ್ದವು. ಎರಡು ಗುಟುಕು ಗಂಜಿ ಒಳಗೆ ಹೋದರೆ ಅದೇ ಹೆಚ್ಚು. ಮಗ್ಗುಲು ಬದಲಿಸಲು ನಾನು ಭುಜ ಹಿಡಿದರೆ ಚಿಕ್ಕವಳು ಸೊಂಟ ಹಿಡಿಯುತ್ತಿದ್ದಳು. ಬಸುರಿಯರಿಗೆ ಹೀಗೂ ಆಗುತ್ತದೆ ಎಂದು ಅವಳಿಗೂ ಹೇಳಿ ನಂಬಿಸಿದ್ದೆ.

ಆಸ್ಪತ್ರೆಯವರು ಕೊಟ್ಟ ನೋವಿನ ಗುಳಿಗೆ ಹದಿನೈದು ದಿನಕ್ಕೆ ಮುಗಿದವು. ಓಣಿಯ ತುದಿಗೇ ಕಾಂಪೌಂಡರನ ಮನೆ. ಡಾಕ್ಟರ ಚೀಟಿ ತೋರಿಸಿದ್ದರೆ ಸಾಕಿತ್ತು, ಅವನೇ ಬಂದು ಸೂಜಿ ಹಾಕಿ ಹೋಗುತ್ತಿದ್ದ. ಆದರೆ ಚೀಟಿಯಲ್ಲಿ ಎಲ್ಲ ಬರೆದಿತ್ತಲ್ಲ. ನಿಶ್ಚಿತಾರ್ಥಕ್ಕೆ ಇನ್ನೂ ಒಂಬತ್ತು ದಿನ ಇತ್ತು. ಒಂಬತ್ತು ದಿನವೂ ನಾನು ಅವನನ್ನು ಕರೆಯಲಿಲ್ಲ. ಉಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಶಾಖ ಕೊಟ್ಟೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ನರಳಿದಳು. ಹೆತ್ತ ತಾಯಿ ಮಾಡುವ ಕೆಲಸವೇ ಇದು? ನನ್ನ ಹೊಟ್ಟೆಗಿಷ್ಟು ಬೆಂಕಿ ಹಾಕ.

ಅದೇ ದಿನಗಳಲ್ಲಿ ಓಣಿಯ ಹೆಂಗಸರು ಬಯಕೆ ಬುತ್ತಿ ಹೊತ್ತು ಬಂದರು. ಬಸುರಿ ತವರಿಗೆ ಬಂದರೆ ಮನೆಮನೆಯಿಂದ ಬುತ್ತಿ ಬರುವುದು ನಮ್ಮಲ್ಲಿ ವಾಡಿಕೆ, ಬೇಡ ಎನ್ನುವ ಹಾಗಿಲ್ಲ. ಕರ್ಜಿಕಾಯಿ, ಎಳ್ಳಿನ ಹೋಳಿಗೆ, ಮೊಸರನ್ನ ತಂದಿದ್ದರು. ಅವಳನ್ನು ಗೋಡೆಗೆ ಒರಗಿಸಿ ಕೂರಿಸಿ ಹಸಿರು ಬಳೆ ತೊಡಿಸಿದರು. ಕೈ ಎತ್ತಿದರೆ ಬಳೆ ಮೊಣಕೈವರೆಗೂ ಜಾರುತ್ತಿದ್ದವು. "ಕೂಸು ನಿನ್ನೇ ತಿನ್ನಾಕ ಹತ್ತೈತಲ್ಲೇ ಯವ್ವಾ, ಗಂಡೇ ಇರಬೇಕು" ಎಂದು ಎದುರುಮನೆಯಾಕೆ ಛೇಡಿಸಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೆರಿಗೆ ಯಾವಾಗ ಎಂದು ಕೇಳಿದ್ದಕ್ಕೆ ಮಗಳೇ, "ಶ್ರಾವಣದಾಗ" ಎಂದಳು. ಅವರು ಹೋದ ಮೇಲೆ ನನ್ನನ್ನು ಹತ್ತಿರ ಕರೆದು, "ಅವ್ವಾ, ನಾ ಹೇಳಿದ್ದು ಸರಿ ಆತಿಲ್ಲೋ?" ಎಂದು ಕೇಳಿದಳು. ನಾನು ಡಬ್ಬಿ ತೊಳೆಯುವ ನೆಪ ಮಾಡಿ ಎದ್ದು ಹೋದೆ.

ನಿಶ್ಚಿತಾರ್ಥ ಸುಸೂತ್ರವಾಗಿ ಮುಗಿಯಿತು. ಮರುದಿನ ಬೆಳಿಗ್ಗೆಯೇ ಕಾಂಪೌಂಡರನನ್ನು ಕರೆಸಿ, ಯಾರಿಗೂ ಹೇಳಬೇಡಪ್ಪ ಎಂದು ಕೈಮುಗಿದೆ. ಅವನು ಚೀಟಿ ಓದಿ, "ಇಷ್ಟು ದಿನ ಏನ್ ಮಾಡ್ತಿದ್ರಿ ತಾಯಿ?" ಎಂದಷ್ಟೇ ಕೇಳಿದ. ಸೂಜಿ ಹಾಕಿದ ಮೇಲೆ ಅವಳಿಗೆ ನಿದ್ದೆ ಬಂತು. ಅದಾಗಿ ಹನ್ನೆರಡನೆಯ ದಿನ ಬೆಳಿಗ್ಗೆ, ನಾನು ಗಂಜಿ ಆರಿಸುತ್ತಿದ್ದಾಗ, ಜೀವ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಸೊರಬದಿಂದ ಅಳಿಯ ಬಂದ. ಅವನೂ ಮನೆಯವರೂ ಗುಂಡಿ ತೋಡಿಸಲು ಹೊಲದ ಕಡೆ ಹೋದರು. ಸುದ್ದಿ ತಿಳಿದು ಬೀಗರಾಗುವವರೂ ಬಂದು ಪಡಸಾಲೆಯಲ್ಲಿ ಕೂತಿದ್ದರು. ಆಗ ಓಣಿಯ ಹಿರಿಯಾಕೆಯೊಬ್ಬಳು ನನ್ನ ಪಕ್ಕ ಬಂದು ಕೂತಳು.

"ಹೊಟ್ಯಾಗ ಕೂಸು ಇಟಗೊಂಡು ಮಣ್ಣಿಗೆ ಹೋಗಬಾರದು ತಂಗಿ. ಕೂಸು ಬ್ಯಾರೆ ಆಗಬೇಕು. ಸೂಲಗಿತ್ತಿಗೆ ಹೇಳಿ ಕಳಿಸೀನಿ."

ಈ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ಬಸುರಿ ಸತ್ತರೆ ಹೊಟ್ಟೆ ಕೊಯ್ದು, ಕೂಸನ್ನು ತೆಗೆದು, ಬೇರೆಯಾಗಿ ಹೂಳುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ "ಆರರಾಗ" ಎಂದವಳಿಗೆ ಇದು ಹೊಳೆದಿರಲಿಲ್ಲ. ಸೂಲಗಿತ್ತಿ ಬಂದಳು. ಬಟ್ಟೆಯಲ್ಲಿ ಸುತ್ತಿ ತಂದಿದ್ದ ಕತ್ತಿ ಕೆಳಗಿಟ್ಟು, ಬಿಸಿನೀರು ಕೊಡು ಎಂದಳು. ನಾನು ಪಡಸಾಲೆಯ ಕಡೆ ನೋಡಿದೆ. ಬೀಗಿತ್ತಿ ಇತ್ತಲೇ ನೋಡುತ್ತಿದ್ದಳು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಎದ್ದು ಬಿಸಿನೀರು ತರಲು ಒಲೆಯ ಕಡೆ ಹೊರಟೆ.

ಚಿಕ್ಕವಳು ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಲ್ಲಿಂದಲೇ, ಪಡಸಾಲೆಗೂ ಕೇಳುವ ಹಾಗೆ, ಹೇಳಿದಳು.

"ನಮ್ಮಕ್ಕನ್ನ ಮುಟ್ಟಬ್ಯಾಡ್ರಿ. ಕೂಸಿಲ್ಲ, ಗಡ್ಡಿ ಐತಿ. ಅಕ್ಕನೇ ನನಗ ಹೇಳ್ಯಾಳ. ಅವ್ವಗೂ ಗೊತ್ತೈತಿ."

ಎಲ್ಲರೂ ನನ್ನ ಕಡೆ ತಿರುಗಿದರು. ಪಡಸಾಲೆಯಲ್ಲಿ ಬೀಗಿತ್ತಿ ಎದ್ದು ನಿಂತಳು. ಆಗ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಇಷ್ಟೆಲ್ಲ ಮಾಡಿ ಉಳಿಸಿಕೊಂಡಿದ್ದ ಮದುವೆಯನ್ನು ಈ ಹುಡುಗಿ ಒಂದೇ ಮಾತಿಗೆ ಹಾಳು ಮಾಡಿದಳಲ್ಲ ಎಂಬ ಸಿಟ್ಟು. ಹೆಣದ ಮುಂದೆಯೇ ಅವಳ ಕೆನ್ನೆಗೆ ಹೊಡೆದೆ.