ನೀಲಕ್ಕನ ‘ಹೋಗ’

“ಹಾಯ್!” ಎಂದು ಆ ಹುಡುಗಿ ಮತ್ತೆ ಕೂಗಿದಳು. ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಸೋಸುತ್ತಿದ್ದ ನಾನು ಎದ್ದು ಬಂದೆ. ಕಾಂದಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಸಂಜೆಯಾದರೆ ಸಾಕು, ಮೊಮ್ಮಗಳು ಟೀವಿಯಲ್ಲಿ ಒಂದು ಜಪಾನೀ ಕಾರ್ಟೂನು ಹಚ್ಚಿಕೊಂಡು ಕೂರುತ್ತಾಳೆ. ಹಳ್ಳಿಯಿಂದ ಪಟ್ಟಣದ ಶಾಲೆಗೆ ಬಂದ ಹುಡುಗಿಯ ನಗೆಗಥೆ. ಎರಡು ಜಡೆ, ದುಂಡು ಕಣ್ಣು, ಸಿಕ್ಕಸಿಕ್ಕವರಿಗೆಲ್ಲ ಸೊಂಟ ಬಗ್ಗಿಸಿ ನಮಸ್ಕಾರ, ಯಾರು ಏನು ಹೇಳಿದರೂ ನೆಟ್ಟಗೆ ನಿಂತು “ಹಾಯ್!” ಪಾಪ, ತಾನು ಎಲ್ಲರನ್ನೂ ನಗಿಸುತ್ತಿದ್ದೇನೆ ಎಂಬುದು ಅದಕ್ಕೇ ಗೊತ್ತಿಲ್ಲ. “ಎಲ್ಲಾರಿಗೂ ಯಾಕ ಹಾಯ್ ಹಾಯ್ ಅಂತಾಳ ಈಕಿ?” ಎಂದು ಕೇಳಿದೆ. “ಅಜ್ಜಿ, ಅದು ಇಂಗ್ಲಿಷ್ ಹಾಯ್ ನಹೀ. ಜಪಾನೀಯಲ್ಲಿ ಹಾಯ್ ಮತ್ಲಬ್ ಹೌದು,” ಎಂದಳು ಮೊಮ್ಮಗಳು. ಅಷ್ಟೇ ನೋಡಿ. ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಲ್ಕನಿಗೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ. ಸೊಪ್ಪು ಅರ್ಧ ಸೋಸಿದ್ದು ಹಾಗೇ ಉಳಿಯಿತು.

ಕುರ್ಲಾದ ನಮ್ಮ ಚಾಳು ಈಗಿಲ್ಲ. ಆ ಜಾಗದಲ್ಲಿ ಎದ್ದಿರುವ ಬಿಲ್ಡಿಂಗಿನ ಗೇಟಿನ ಮುಂದೆ ಒಮ್ಮೆ ನಿಂತು ಬಂದಿದ್ದೇನೆ. ವಾಚ್‌ಮನ್ ಒಳಗೆ ಬಿಡಲಿಲ್ಲ. ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತಿದು. ನಮ್ಮದೊಂದು ಕೋಣೆ, ಮುಂದೆ ಉದ್ದನೆಯ ಗ್ಯಾಲರಿ, ಗ್ಯಾಲರಿಯ ತುದಿಗೆ ಎಲ್ಲರಿಗೂ ಸೇರಿ ಒಂದು ನಳ. ಹಿಂದೆಯೇ ರೈಲುಹಳಿ ಇದ್ದುದರಿಂದ ಗಾಡಿ ಹೋದಾಗಲೆಲ್ಲ ಮಾಡದಲ್ಲಿನ ತಾಟುಗಳು ನಡುಗುತ್ತಿದ್ದವು. ಸೀಮೆಎಣ್ಣೆ ಸ್ಟೋವಿನ ವಾಸನೆ, ಒಣಮೀನಿನ ವಾಸನೆ, ಯಾರದೋ ಮನೆಯ ಊದುಬತ್ತಿ, ಎಲ್ಲ ಒಂದರಲ್ಲೊಂದು ಕಲೆತು ಮೂಗಿಗೆ ಬಡಿಯುತ್ತಿತ್ತು. ಆ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಕೂತದ್ದು ನನಗೆ ನೆನಪಿಲ್ಲ. ನೀರು ಬಂತು ಓಡು, ರೇಷನ್ ಬಂತು ಓಡು, ಲೋಕಲ್ ಬಂತು ಓಡು. ಬಿಜಾಪುರದ ಕಡೆಯ ಹಳ್ಳಿಯಿಂದ ನಮ್ಮಪ್ಪ ಕಾರ್ಖಾನೆಯ ಕೆಲಸಕ್ಕೆಂದು ಬಂದು ಇಲ್ಲೇ ನಿಂತುಬಿಟ್ಟಿದ್ದ. ಅವನ ತಂಗಿಯ ಮಗಳೇ ನೀಲವ್ವ, ನನಗೆ ನೀಲಕ್ಕ. ಊರ ಶಾಲೆ ಏಳನೇ ಇಯತ್ತೆಗೆ ಮುಗಿದಿತ್ತು. ಮುಂದೆ ಓದಿ ಅಕ್ಕೋರಾಗಬೇಕು ಎಂಬುದು ಆಕೆಯ ಒಂದೇ ಹಟ. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತಾರೆ. ಅಪ್ಪ ಹೋಗಿ ಕರೆತಂದ, ದಾದರಿನ ಒಂದು ಕನ್ನಡ ಹೈಸ್ಕೂಲಿಗೆ ಹಚ್ಚಿದ.

ಅಯ್ಯೋ, ಆಕೆಯ ಅವತಾರವೇ! ಎಣ್ಣೆ ಸುರಿಯುವ ಎರಡು ಜಡೆ, ಮೇಲಕ್ಕೆ ಮಡಚಿ ಕೆಂಪು ರಿಬ್ಬನ್ ಬಿಗಿದದ್ದು. ಲೋಕಲ್ಲಿನ ಹೆಂಗಸರ ಡಬ್ಬಿ ಹತ್ತಿದವಳೇ ಬಾಗಿಲಲ್ಲಿ ನಿಂತು ಇಡೀ ಡಬ್ಬಿಗೆ “ನಮಸ್ಕಾರ್ರಿ” ಎನ್ನುವಳು. ಹಿಂದಿನವರು ದಬ್ಬಿದರೆ ಅವರಿಗೂ ಒಂದು ನಮಸ್ಕಾರ. ಕುರ್ಲಾ ಸ್ಟೇಷನ್ನಿನಲ್ಲಿ ಮೈಕು ಮಾತಾಡತೊಡಗಿದರೆ, ದೊಡ್ಡವರು ಮಾತಾಡುವಾಗ ನಡುವೆ ಹೋಗಬಾರದೆಂದು ಅದು ಮುಗಿಯುವತನಕ ನಿಂತು ಕೇಳುವಳು. ಅಷ್ಟರಲ್ಲಿ ಗಾಡಿ ಹೋಗಿಬಿಟ್ಟಿರುತ್ತಿತ್ತು. ತಡವಾಗಿ ಹೋದಾಗ ಹೊಟ್ಟೆನೋವು ಅಂತ ಹೇಳೇ ಎಂದು ಅವ್ವ ಹೇಳಿಕೊಟ್ಟಳು. ನೀಲಕ್ಕ ಅಕ್ಕೋರ ಮುಂದೆ ನಿಂತು “ಹೊಟ್ಟಿನೋವು ಅಂತ ಹೇಳಂದಾರ್ರಿ” ಎಂದು ಬಂದಳು. ಸುಳ್ಳು ಎನ್ನುವುದು ಆ ನಾಲಿಗೆಗೆ ಹತ್ತುತ್ತಲೇ ಇರಲಿಲ್ಲ. ಸಂಜೆ ಗ್ಯಾಲರಿಯಲ್ಲಿ ಚಾಳಿನ ಮಕ್ಕಳನ್ನೆಲ್ಲ ಕೂಡಿಸಿ, ಗೋಡೆಯ ಮೇಲೆ ಇದ್ದಿಲಿನಿಂದ ಅಕ್ಷರ ಬರೆದು ಶಾಲೆ ನಡೆಸುವಳು. ಮರಾಠಿ ಮಕ್ಕಳೂ ಹೆಸರು ಕರೆದರೆ “ಹಾಜರ್ರಿ ಅಕ್ಕೋರ” ಎನ್ನುತ್ತಿದ್ದರು. ಅವರ ಮುಂದೆ ನಿಂತಾಗ ಆಕೆಯ ಮುಖ ನೋಡಬೇಕಿತ್ತು ನೀವು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಮುಚ್ಚಿಡುವುದೇನು!

ಪಕ್ಕದ ಕೋಣೆಯಲ್ಲಿ ಮಾಲತಿ ಕಾಕು ಇದ್ದರು. ಮಕ್ಕಳುಮರಿ ಇಲ್ಲದ ಒಂಟಿ ಹೆಂಗಸು; ಹೊಲಿಗೆ ಮಷಿನ್ ಇಟ್ಟುಕೊಂಡು ಬ್ಲೌಸು, ಶಾಲೆಯ ಲಂಗ ಹೊಲಿಯುತ್ತಿದ್ದರು. ನಮ್ಮ ಒಡನಾಟದಿಂದ ಅವರಿಗೆ ಕನ್ನಡ ತಿಳಿಯುತ್ತಿತ್ತು, ಬಾಯಿಗೆ ಬರುತ್ತಿದ್ದುದು ಮಾತ್ರ ಮರಾಠಿಯೇ. ನೀಲಕ್ಕ ಬಂದ ಹೊಸತರಲ್ಲಿ ಅವ್ವ ಒಂದು ಮರಾಠಿ ವಾಕ್ಯ ಕಲಿಸಿ ನಳಕ್ಕೆ ಕಳಿಸಿದಳು. ಈಕೆ ಬಿಂದಿಗೆ ಹಿಡಿದು “ಪಾಣಿ ಭರೂ ಕಾ?” ಎಂದಳಂತೆ, ನೀರು ತುಂಬಿಕೊಳ್ಳಲಾ ಎಂದು. ಕಾಕು ಅಕ್ಕರೆಯಿಂದ “ಹೋ ಗ” ಎಂದರು. ನೀಲಕ್ಕ ಖಾಲಿ ಬಿಂದಿಗೆ ಹೊತ್ತು ಮನೆಗೆ ಬಂದು ಮೂಲೆಯಲ್ಲಿ ನಿಂತಳು, ಕಣ್ಣಲ್ಲಿ ನೀರು. “ಕಾಕು ಹೋಗ ಅಂದ್ರರಿ ಅತ್ತಿ!” ಮರಾಠಿಯಲ್ಲಿ ‘ಹೋ’ ಎಂದರೆ ಹೌದು, ‘ಗ’ ಎನ್ನುವುದು ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಕರೆಯುವ ಬಾಲ, ನಮ್ಮ ‘ಹೌದವಾ’ ಇದ್ದ ಹಾಗೆ. ನಮ್ಮ ಕಡೆ ‘ಹೋಗ’ ಎಂದರೆ ನಡಿ ಇಲ್ಲಿಂದ ಎಂದು! ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಾಕುವಿಗೆ ಹೇಳಿದಳು, ಇಡೀ ಚಾಳು ನಕ್ಕಿತು. ಆಮೇಲೆ ಅದು ನಮ್ಮ ಮನೆಯ ಚೇಷ್ಟೆಯ ಮಾತಾಯಿತು. ನೀಲಕ್ಕನೂ ಮರಾಠಿ ಕಲಿತಳು. ಊಟಕ್ಕೆ ಬರ್ತಿಯಾ ಎಂದು ನಾನು ಕೇಳಿದರೆ, ಕಾಕುವಿನ ಹಾಗೇ ಕತ್ತು ವಾರೆ ಮಾಡಿ “ಹೋ ಗ” ಎನ್ನುವಳು.

ಒಂಬತ್ತನೇ ಇಯತ್ತೆ ಅರ್ಧ ಮುಗಿದಿರುವಾಗ ಆಕೆಯ ಅಪ್ಪ ಶಿವಪ್ಪ ಮಾಮಾ ಬಂದ. ಊರಲ್ಲಿ ಬಾಣಂತಿಯಾಗಿದ್ದ ಅತ್ತೆ, ನೀಲಕ್ಕನ ಅವ್ವ, ಹಾಸಿಗೆ ಹಿಡಿದಿದ್ದಳು. “ಎದ್ದ್ ಕುಂದ್ರಾಕ ಆಗವಲ್ತು ಅಕಿಗೆ. ಸಣ್ಣ ಕೂಸು ಅಳತೈತಿ,” ಎಂದ. ಮಗಳು ಬೇಕು ಎಂದು ಬಾಯಿಬಿಟ್ಟು ಅನ್ನಲಿಲ್ಲ; ಒಂದೇ ಕೋಣೆಯಲ್ಲಿ ನಿಮಗೂ ಇಕ್ಕಟ್ಟು ಎಂದಷ್ಟೇ ಅಂದ. ನಮ್ಮಪ್ಪ ಮಾತ್ರ, “ಓದ್ ಬಿಡಿಸಬ್ಯಾಡೋ. ನಮ್ಮಲ್ಲಿ ಜಾಗ ಸಾಲದಿದ್ರ ಕಾಕು ಇಟ್ಕೋತಾರ, ಹೋಗಿ ಒಂದ್ ಮಾತು ಕೇಳು,” ಎಂದು ಹೇಳಿ ಪಾಳಿಗೆ ಹೋದ. ಅವ್ವ ರೇಷನ್ ಸಾಲಿಗೆ ಹೋಗಿದ್ದಳು. ಮಾಮಾ ಟೊಪ್ಪಿಗೆ ಕೈಯಲ್ಲಿ ಹಿಡಿದು ಕಾಕುವಿನ ಬಾಗಿಲಲ್ಲಿ ನಿಂತ. ನೀಲಕ್ಕ, ನಾನು ಹಿಂದೆ ಗ್ಯಾಲರಿಯಲ್ಲಿ. “ಬಾಯಾರ, ನಮ್ಮ ಹುಡುಗಿ ನಿಮ್ಮ ಹಂತೇಕ ಇರ್ಲೇನ್ರಿ?” ಎಂದು ಕೇಳಿದ. ಕಾಕು ಮಷಿನ್ ಬಿಟ್ಟು ಏಳಲಿಲ್ಲ. ಕಣ್ಣು ತುಂಬಿದ್ದು ಕಾಣಬಾರದೆಂದೋ ಏನೋ, ತಲೆ ತಗ್ಗಿಸಿ, ನೀಲಕ್ಕನಿಗೆ ಕೇಳುವಂತೆ ಕೂಗಿ ಹೇಳಿದರು. “ಹೋ ಗ ನೀಲಾ! ಹೋ ಗ!”

ಮಷಿನ್ ಮತ್ತೆ ಕಟಕಟ ಎಂದಿತು. ಮಾಮಾ ಈಚೆ ಬಂದ. ಅವನ ಮುಖದಲ್ಲಿ ಮೊದಲು ಅವಮಾನ, ಅದರ ಹಿಂದೆಯೇ ಹೆಗಲ ಮೇಲಿನ ಮೂಟೆ ಇಳಿದಂಥ ಹಗುರ. ಎರಡನ್ನೂ ನೀಲಕ್ಕ ನೋಡಿದಳು. “ಹೋಗ ಅಂದ್ರಲ್ಲವಾ?” ಎಂದು ಅವನು ಕೇಳಿದ. ಅಲ್ಲ ಮಾಮಾ, ಅದು ಹೌದು ಅಂತ, ಎನ್ನಲು ನಾನು ಬಾಯಿ ತೆರೆದದ್ದೇ ತಡ, ನೀಲಕ್ಕ ನನ್ನ ಮುಂಗೈ ಹಿಡಿದಳು. ಆ ಹಿಡಿತ ಇನ್ನೂ ಇಲ್ಲಿದೆ. “ಹೂಂನಪ್ಪ, ಹೋಗ ಅಂದ್ರು. ಅವ್ವಗ ಆರಾಮಿಲ್ಲ, ಹೋಗ ಅಂದ್ರು,” ಎಂದಳು. ಸುಳ್ಳು ಬರದವಳು, ಹೇಳಿದರೆ ಇಂಥದ್ದೇ ಹೇಳಬೇಕೆ! ನಮ್ಮವ್ವ ರೇಷನ್ ತಗೊಂಡು ಬಂದಾಗ ಟ್ರಂಕು ತುಂಬಿ ಆಗಿತ್ತು. “ನಾನ ಹೊಂಟೀನ್ರಿ ಅತ್ತಿ, ಯಾರೂ ಕರೀಲಿಲ್ಲ,” ಎಂದಳು. ಕಾಕು ಓಡಿಬಂದು “ಮೀ ತರ ಹೋ ಮ್ಹಟ್ಲಂ!” ನಾನು ಹೌದು ಅಂದೆನಲ್ಲ, ಎಂದು ಒಂದೇ ಸಮ ಬಡಬಡಿಸಿದರು. ಊರಲ್ಲಿ ಅವ್ವ ಆರಾಮಾದ ಕೂಡಲೇ ಬರುತ್ತೇನೆ ಎಂದು ನೀಲಕ್ಕ ಮರಾಠಿಯಲ್ಲಿ ಅವರನ್ನು ಸಮಾಧಾನ ಮಾಡಿದಳು.

ಸಂಜೆ ದಾದರಿಗೆ ಹೋದೆವು, ಅವ್ವ, ಕಾಕು, ನಾನು. ಸೊಲ್ಲಾಪುರದ ಗಾಡಿ ಬಂದು ನಿಂತಿತು. ಆ ಗದ್ದಲದಲ್ಲೂ ಮೈಕು ಕೂಗಿದಾಗ ನೀಲಕ್ಕ ಟ್ರಂಕು ಹಿಡಿದು ಒಂದು ಗಳಿಗೆ ನಿಂತಳು. ಮಾಮಾ ಎಳೆದು ಹತ್ತಿಸಿದ. ಗಾಡಿ ಅಲುಗಿತು. ನಾನು ಕಿಟಕಿಯ ಜೊತೆ ಓಡುತ್ತ “ನೀಲಕ್ಕಾ, ಹೊಳ್ಳಿ ಬರ್ತಿ ಇಲ್ಲೋ?” ಎಂದು ಕಿರಿಚಿದೆ. ಸರಳಿಗೆ ಮುಖ ಹಚ್ಚಿ ಆಕೆ ಒಂದೇ ಮಾತು ಅಂದಳು. “ಹೋಗ!”

ಬರ್ತೀನಿ, ಹೌದು ಎಂದಳೋ? ಗಾಡಿಯ ಕೆಳಗೆ ಬಿದ್ದೀ, ಹಿಂದೆ ಹೋಗು ಎಂದಳೋ? ನನ್ನ ಬಾಯಲ್ಲಿ ಎರಡೂ ಭಾಷೆ ಇದ್ದವು, ನನಗೇ ತಿಳಿಯಲಿಲ್ಲ. ಅವ್ವ ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡಳು. ಮನೆಗೆ ಬಂದು ನೀಲಕ್ಕನ ಹಾಸಿಗೆ ಸುತ್ತಿ ಅಟ್ಟಕ್ಕೆ ಹಾಕಿದಳು. ಅವ್ವನ ಕಿವಿಯೇ ಸರಿಯಾಗಿತ್ತು. ಅತ್ತೆ ಏಳಲೇ ಇಲ್ಲ, ತಮ್ಮ ತಂಗಿಯರನ್ನು ನೀಲಕ್ಕನೇ ಸಾಕಿದಳು, ಆಮೇಲೆ ಮದುವೆ, ಮಕ್ಕಳು. ಎಷ್ಟೋ ವರ್ಷಗಳ ನಂತರ ಒಂದು ಲಗ್ನದಲ್ಲಿ ಸಿಕ್ಕಾಗ ಅಂದು ಏನಂದಿ ಎಂದು ಕೇಳಿದೆ. “ಯಾರಿಗ್ ನೆನಪೈತಿ ಬಿಡು,” ಎಂದು ಸೆರಗು ಬಾಯಿಗೆ ಹಚ್ಚಿ ನಕ್ಕಳು. ಈಗ ಆಕೆಯೂ ಇಲ್ಲ, ಕೇಳಲು ಯಾರೂ ಉಳಿದಿಲ್ಲ.

ಆದರೆ ಕಾಕು ಅದನ್ನು ಮರಾಠಿಯಲ್ಲಿ ಕೇಳಿಸಿಕೊಂಡಿದ್ದರು. ಜೂನಿನಲ್ಲಿ ಶಾಲೆ ಶುರುವಾಗುವ ಮುಂಚೆ, ಹುಡುಗಿ ಎತ್ತರವಾಗಿರುತ್ತಾಳೆ ಎಂದು ಅಂಚು ಉದ್ದ ಬಿಟ್ಟು ಒಂದು ನೀಲಿ ಲಂಗ ಹೊಲಿದು ಗೂಟಕ್ಕೆ ತೂಗುಹಾಕಿದರು. ಮಳೆಗಾಲ ಹೋಯಿತು, ಮತ್ತೊಂದು ಬಂತು, ಲಂಗ ಗೂಟದಲ್ಲೇ ಇತ್ತು. ಗಾಡಿ ಹೋದಾಗಲೆಲ್ಲ ಸ್ವಲ್ಪ ಅಲುಗುತ್ತಿತ್ತು. ನಾನು ಎಂಟನೇ ಇಯತ್ತೆಗೆ ಬಂದಾಗ ಅದು ನನಗೆ ಸರಿಯಾಗುತ್ತಿತ್ತು. ಕೈ ಹಾಕಿದೆ. ಕಾಕು ಮಷಿನ್ ನಿಲ್ಲಿಸಿ, “ತೋ ನೀಲಾಚಾ ಆಹೆ,” ಅದು ನೀಲಾಳದ್ದು, ಎಂದರು. ನನಗೆ ಬೇರೆ ಬಟ್ಟೆ ತಂದು ಹೊಲಿದುಕೊಟ್ಟರು.